ಆನ್‌ಲೈನ್ ಸೇವೆ ಸ್ಥಗಿತಗೊಳ್ಳದಂತೆ ಸರ್ವರ್ ವ್ಯವಸ್ಥೆ: ಸದಸ್ಯರು ಅರಿತಿರಬೇಕಾದ ಅಂಶಗಳು

ಇ-ಸ್ವತ್ತು ತಂತ್ರಾಂಶದ ಆಸ್ತಿ ದಾಖಲೆಗಳು ಸೇರಿದಂತೆ ಪಂಚಾಯಿತಿಯ ಹಲವು ಸೇವೆಗಳು ಇಂದು ಸರ್ವರ್ ಮೂಲಕವೇ ದೊರೆಯುತ್ತವೆ. ಸರ್ವರ್ ನಿಂತರೆ, ದಿನದ ಕೂಲಿ ಬಿಟ್ಟು ಕಚೇರಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ರಾಜ್ಯಮಟ್ಟದ ಸರ್ವರ್‌ಗಳ ನಿರ್ವಹಣೆ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಪಂಚಾಯಿತಿಯು ತನ್ನದೇ ಜಾಲತಾಣಕ್ಕೆ ಕರಾರು ಮಾಡಿಕೊಳ್ಳುವಾಗ ಸದಸ್ಯರಿಗೆ ಈ ಕೆಳಗಿನ ತಿಳಿವಳಿಕೆ ಅವಶ್ಯಕ.

ಲಭ್ಯತೆಯ ಲೆಕ್ಕ: ವರ್ಷಕ್ಕೆ 8,760 ಗಂಟೆಗಳು. ಕರಾರಿನಲ್ಲಿ ಶೇ. 99 ಲಭ್ಯತೆ ಎಂದಿದ್ದರೆ, ವರ್ಷಕ್ಕೆ ಸುಮಾರು 88 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಹೆಚ್ಚು ಕಾಲ ಸೇವೆ ನಿಲ್ಲಬಹುದು. ಶೇ. 99.9 ಎಂದಿದ್ದರೆ ಸುಮಾರು 9 ಗಂಟೆ.

ಎರಡನೆಯ ಸರ್ವರ್: ಒಂದು ಕೆಟ್ಟಾಗ ಇನ್ನೊಂದು ಕೆಲಸ ಮುಂದುವರಿಸುವಂತೆ ಎರಡು ಸರ್ವರ್‌ಗಳನ್ನು ಅಳವಡಿಸಿ, ಬರುವ ಕೋರಿಕೆಗಳನ್ನು ಲೋಡ್ ಬ್ಯಾಲೆನ್ಸರ್ ಮೂಲಕ ಹಂಚಲಾಗುತ್ತದೆ. ಆದರೆ ಒಂದೇ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದ ಎರಡು ಕೊಳವೆಬಾವಿ ಪಂಪುಗಳು ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಒಟ್ಟಿಗೇ ನಿಲ್ಲುತ್ತವೆ. ಅದೇ ರೀತಿ ವಿದ್ಯುತ್, ಅಂತರಜಾಲ ಸಂಪರ್ಕ, ಲೋಡ್ ಬ್ಯಾಲೆನ್ಸರ್ ಅಥವಾ ದತ್ತಾಂಶ ಕೋಶ ಒಂದೇ ಆಗಿದ್ದರೆ ಎರಡನೆಯ ಸರ್ವರ್‌ನಿಂದ ಪೂರ್ಣ ಪ್ರಯೋಜನವಾಗದು.

ಕರಾರಿನಲ್ಲಿ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು:

1. ವಿದ್ಯುತ್ ಮರಳಿದಾಗ ಸರ್ವರ್ ಮತ್ತು ಅದರ ತಂತ್ರಾಂಶಗಳು ತಾವಾಗಿಯೇ ಪುನರಾರಂಭಗೊಳ್ಳಬೇಕು.

2. ಲಾಗ್ ಕಡತಗಳಿಂದ ಡಿಸ್ಕ್ ತುಂಬಿ ಸರ್ವರ್ ನಿಲ್ಲುವುದುಂಟು. ಹಳೆಯ ಲಾಗ್‌ಗಳನ್ನು ನಿಯತವಾಗಿ ತೆರವುಗೊಳಿಸುವ ಏರ್ಪಾಡಿರಬೇಕು.

3. ಡೊಮೈನ್ ಹೆಸರು ಹಾಗೂ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದರೆ, ಯಂತ್ರ ಸುಸ್ಥಿತಿಯಲ್ಲಿದ್ದರೂ ಜಾಲತಾಣ ಸರಿಯಾಗಿ ತೆರೆಯದು. ನವೀಕರಣದ ಹೊಣೆ ಯಾರದೆಂದು ನಮೂದಿಸಬೇಕು.

4. ತಪ್ಪಾಗಿ ಅಳಿಸಿದ ದಾಖಲೆಯು ಜೋಡಿ ಸರ್ವರ್‌ನಲ್ಲಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಬ್ಯಾಕಪ್ ಪ್ರತ್ಯೇಕವಾಗಿರಬೇಕು. ಅದರಿಂದ ದಾಖಲೆಗಳನ್ನು ಮರಳಿ ಪಡೆಯುವ ಪರೀಕ್ಷೆಯೂ ಆಗಾಗ್ಗೆ ನಡೆಯಬೇಕು.

5. ಸೇವೆ ನಿಂತ ಕೂಡಲೇ ಸಂಬಂಧಿಸಿದ ಸಿಬ್ಬಂದಿಯ ಮೊಬೈಲ್‌ಗೆ ಎಚ್ಚರಿಕೆ ಸಂದೇಶ ತಲುಪಬೇಕು. ಈ ಮೇಲ್ವಿಚಾರಣೆಯು ಅದೇ ಸರ್ವರ್‌ನಲ್ಲಿರದೆ ಹೊರಗಿನಿಂದ ನಡೆಯಬೇಕು.

ಇಷ್ಟೆಲ್ಲ ಇದ್ದರೂ ಸೇವೆ ಕೆಲವೊಮ್ಮೆ ನಿಲ್ಲಬಹುದು. ಅಂತಹ ದಿನ ಅರ್ಜಿಯನ್ನು ಕಾಗದದಲ್ಲಿಯೇ ಸ್ವೀಕರಿಸಿ, ದಿನಾಂಕ ಸಹಿತ ಸ್ವೀಕೃತಿ ನೀಡಿ, ನಂತರ ಗಣಕೀಕರಿಸುವ ಕ್ರಮವನ್ನು ಅನುಸರಿಸಿದರೆ ಅರ್ಜಿದಾರರು ಮತ್ತೆ ಅಲೆಯುವುದು ತಪ್ಪುತ್ತದೆ.

ತಾಂತ್ರಿಕ ಪರಿಣತಿ ಇಲ್ಲದಿದ್ದರೂ ಪ್ರತಿ ಸದಸ್ಯರು ಸಭೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು: “ಯಾವ ಒಂದು ಭಾಗ ಕೆಟ್ಟರೆ ಇಡೀ ಸೇವೆ ನಿಲ್ಲುತ್ತದೆ?” ಉತ್ತರದಲ್ಲಿ ಹೆಸರಿಸಿದ ಭಾಗಕ್ಕೆ ಮೊದಲು ಪರ್ಯಾಯ ಒದಗಿಸುವುದು ಸೂಕ್ತ.