ಧ್ಯಾನದ ವಿಘ್ನಗಳು: ಗೌಡಪಾದಾಚಾರ್ಯರ ಉಪದೇಶ

ಗೋಮಾಂತಕದ ಫೋಂಡಾ ತಾಲ್ಲೂಕಿನ ಕವಳೆ ಗ್ರಾಮಕ್ಕೆ ಯಾತ್ರೆಹೋಗುವ ಕನ್ನಡಿಗರು ಶ್ರೀ ಶಾಂತಾದುರ್ಗೆಯ ದರ್ಶನ ಮಾಡಿಕೊಂಡು, ದೀಪಸ್ತಂಭಕ್ಕೆ ಕೈಮುಗಿದು ಹಿಂದಿರುಗುವುದು ವಾಡಿಕೆ. ಅದೇ ಗ್ರಾಮದಲ್ಲಿರುವ ಸಾರಸ್ವತ ಸ್ಮಾರ್ತರ ಗುರುಮಠವು ಶ್ರೀ ಗೌಡಪಾದಾಚಾರ್ಯರ ಹೆಸರನ್ನು ಹೊತ್ತಿದೆಯೆಂಬುದನ್ನು ಗಮನಿಸುವವರು ವಿರಳ. ಆಚಾರ್ಯರು ಶ್ರೀ ಶಂಕರಭಗವತ್ಪಾದರಿಗೆ ಪರಮಗುರುಗಳೆಂದು ಸಂಪ್ರದಾಯವು ಹೇಳುತ್ತದೆ. ಹನ್ನೆರಡೇ ಮಂತ್ರಗಳುಳ್ಳ ಮಾಂಡೂಕ್ಯೋಪನಿಷತ್ತಿನ ಮೇಲೆ ಅವರ ಹೆಸರಿನಲ್ಲಿ 215 ಕಾರಿಕೆಗಳಿವೆ. ಅವುಗಳ ಮೂರನೆಯದಾದ ಅದ್ವೈತ ಪ್ರಕರಣದ ಕೊನೆಯ ಭಾಗದಲ್ಲಿ, ಧ್ಯಾನಕ್ಕೆ ಕುಳಿತವನು ಎಲ್ಲೆಲ್ಲಿ ಎಡವುತ್ತಾನೆಂಬುದನ್ನು ಕೆಲವೇ ಶ್ಲೋಕಗಳಲ್ಲಿ ಹೇಳಿದೆ. ಅಲ್ಲಿಂದ ಬಂದ ಲಯ, ವಿಕ್ಷೇಪ, ಕಷಾಯ, ರಸಾಸ್ವಾದ ಎಂಬ ನಾಲ್ಕು ವಿಘ್ನಗಳನ್ನು ಮುಂದೆ ಸದಾನಂದರು ವೇದಾಂತಸಾರದಲ್ಲಿ ಒಂದೊಂದಾಗಿ ವಿವರಿಸಿದರು.

ಇವುಗಳಲ್ಲಿ ವಿಕ್ಷೇಪವನ್ನು ಯಾರೂ ಪರಿಚಯಿಸಬೇಕಾದ್ದಿಲ್ಲ. ಕಣ್ಣು ಮುಚ್ಚಿದೊಡನೆ ಮನಸ್ಸು ಗದ್ದೆಗೆ, ಅಂಗಡಿಗೆ, ಕೋರ್ಟಿನಲ್ಲಿರುವ ದಾವೆಗೆ ಓಡುತ್ತದೆ. ಓಡಿದ್ದು ಸಾಧಕನಿಗೇ ತಿಳಿಯುವುದರಿಂದ ಹಿಂದಕ್ಕೆ ಕರೆತರುವುದೂ ಸಾಧ್ಯವಾಗುತ್ತದೆ. ಕಳ್ಳನೆಂದು ಗೊತ್ತಾದ ಕಳ್ಳನಿಂದ ಭಯ ಕಡಮೆ.

ನಿಜವಾದ ಅಪಾಯವಿರುವುದು ಅತಿಥಿಯ ವೇಷದಲ್ಲಿ ಬರುವ ಲಯದಲ್ಲಿ. ಸಾಧಕನೊಬ್ಬನು ಅರ್ಧ ಗಂಟೆ ಕುಳಿತಿರುತ್ತಾನೆ. ಬೆನ್ನು ಮೆಲ್ಲಗೆ ಬಾಗುತ್ತದೆ, ಜಪಮಾಲೆ ಬೆರಳಿನಿಂದ ಜಾರುತ್ತದೆ. ಎದ್ದ ಮೇಲೆ, ‘ಕಾಲ ಹೋದದ್ದೇ ತಿಳಿಯಲಿಲ್ಲ’ ಎನ್ನುತ್ತಾನೆ. ಮನೆಯವರು ಅದನ್ನು ಸಮಾಧಿಯೆಂದು ಕರೆಯುತ್ತಾರೆ, ಅವನೂ ನಂಬುತ್ತಾನೆ. ಹೀಗೆ ಹತ್ತು ವರ್ಷ ಆಸನದ ಮೇಲೆ ತೂಕಡಿಸಿ, ಕೋಪವೂ ಲೋಭವೂ ಎಳ್ಳಷ್ಟೂ ತಗ್ಗದೆ ಉಳಿದವರು ಊರೂರಲ್ಲಿ ಇದ್ದಾರೆ. ಕಾಮವು ಹೇಗೆ ಅನರ್ಥಕರವೋ ಲಯವೂ ಹಾಗೆಯೇ ಎಂದು ಆಚಾರ್ಯರು ನಿಷ್ಠುರವಾಗಿ ಹೇಳುವುದು ಇದಕ್ಕಾಗಿಯೇ. ಸುಷುಪ್ತಿಯಲ್ಲಿ ಮನಸ್ಸು ಅಡಗುತ್ತದೆಯೇ ಹೊರತು ನಿಗ್ರಹಗೊಳ್ಳುವುದಿಲ್ಲ; ವಾಸನೆಗಳೆಲ್ಲ ಬೀಜರೂಪವಾಗಿ ಮಲಗಿದ್ದು, ಎಚ್ಚರವಾದೊಡನೆ ಅವನೊಂದಿಗೇ ಏಳುತ್ತವೆ. ನಿಗ್ರಹಗೊಂಡ ಮನಸ್ಸಿನಲ್ಲಿಯಾದರೋ ಅರಿವು ಬೆಳಗುತ್ತಿರುತ್ತದೆ. ಎದ್ದಾಗ ತಲೆ ಭಾರವಾಗಿ ಮೈ ಜಡವಾಗಿದ್ದರೆ ಅದು ನಿದ್ರೆಯೆಂದೇ ತಿಳಿಯತಕ್ಕದ್ದು.

ಇದಕ್ಕೆ ಅವರು ಹೇಳುವ ಔಷಧವು ಸಂಬೋಧನ, ಎಂದರೆ ಚಿತ್ತವನ್ನು ಎಬ್ಬಿಸುವುದು. ಗೃಹಸ್ಥನು ಇದನ್ನು ಸರಳವಾಗಿ ಆಚರಿಸಬಹುದು. ಕಣ್ಣು ತೆರೆಯಲಿ, ತಣ್ಣೀರಿನಿಂದ ಮುಖ ತೊಳೆಯಲಿ, ನಿಂತು ಗಟ್ಟಿಯಾಗಿ ಜಪ ಮಾಡಲಿ. ಊಟವಾದ ಕೂಡಲೆ ಕೂಡದಿರಲಿ. ಅತಿಯಾಗಿ ಉಣ್ಣುವವನಿಗೂ ಉಪವಾಸ ಬೀಳುವವನಿಗೂ, ಅತಿ ನಿದ್ರೆಯವನಿಗೂ ನಿದ್ರೆಗೆಟ್ಟವನಿಗೂ ಯೋಗವಿಲ್ಲವೆಂದು ಗೀತೆಯ ಆರನೆಯ ಅಧ್ಯಾಯವೂ ಹೇಳುತ್ತದೆ. ನಡುರಾತ್ರಿಯವರೆಗೆ ಎಚ್ಚತ್ತಿದ್ದು ಬೆಳಗಿನ ಜಾವ ಧ್ಯಾನಕ್ಕೆ ಕೂಡುವವನು ನಿದ್ರೆಯ ಸಾಲವನ್ನು ಆಸನದ ಮೇಲೆ ತೀರಿಸುತ್ತಾನೆ, ಅಷ್ಟೆ.

ಕಷಾಯವು ಇನ್ನೂ ಸೂಕ್ಷ್ಮ. ಮನಸ್ಸು ಮಲಗಿಯೂ ಇಲ್ಲ, ಅಲೆದಾಡುತ್ತಲೂ ಇಲ್ಲ. ಆದರೂ ಮುಂದಕ್ಕೆ ಸಾಗದೆ ಬಿಗಿದುಕೊಂಡಿದೆ. ಇದನ್ನು ರಾಗದ ಬೀಜವೆಂದು ಶ್ರೀ ಶಂಕರರು ಭಾಷ್ಯದಲ್ಲಿ ವಿವರಿಸುತ್ತಾರೆ. ಈ ಸಾಲಿನ ಕೀರ್ದಿಯಲ್ಲಿ ಒಂದು ತಪ್ಪೂ ಕಾಣದಿದ್ದರೂ ಹಿಂದಿನ ಸಾಲಿನ ಬಾಕಿ ಖಾತೆಯಲ್ಲಿ ನಿಂತೇ ಇರುವಂತೆ, ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹುಟ್ಟಿದ ದ್ವೇಷವೋ, ಎಂದೋ ಸಭೆಯಲ್ಲಾದ ಅವಮಾನವೋ ಒಳಗೆ ಉಳಿದಿರುತ್ತದೆ. ಇಲ್ಲಿ ಆಚಾರ್ಯರು ಎಬ್ಬಿಸೆಂದಾಗಲಿ ಅಡಗಿಸೆಂದಾಗಲಿ ಹೇಳಿಲ್ಲ. ಕಷಾಯವನ್ನು ಕಷಾಯವೆಂದು ಅರಿತುಕೊಳ್ಳಬೇಕೆಂದಷ್ಟೇ ಹೇಳಿದ್ದಾರೆ. ಗೃಹಸ್ಥನ ಮಟ್ಟಿಗೆ, ಅರಿತ ಮೇಲೆ ಉಳಿದ ಕೆಲಸ ಬಹುಮಟ್ಟಿಗೆ ಆಸನದ ಹೊರಗಿರುತ್ತದೆ: ಸಲ್ಲಬೇಕಾದ ಹಣವನ್ನು ಸಲ್ಲಿಸುವುದು, ಮಾತು ಬಿಟ್ಟ ತಮ್ಮನ ಮನೆಗೆ ತಾನಾಗಿ ಹೋಗುವುದು. ಇದನ್ನು ಮಾಡದೆ ಧ್ಯಾನದ ಗಂಟೆಗಳನ್ನು ಹೆಚ್ಚಿಸಿದರೆ ಬಾಕಿಯ ಮೇಲೆ ಬಡ್ಡಿ ಬೆಳೆಯುತ್ತದೆ.

ಚಿತ್ತವು ಸಮಸ್ಥಿತಿಗೆ ಬಂದಾಗ ಅದನ್ನು ಅಲುಗಿಸಬಾರದು. ಅನೇಕರು ‘ಬಂತೇ? ಇದೆಯೇ?’ ಎಂದು ಪರೀಕ್ಷಿಸಹೋಗಿ ಕೆಡಿಸಿಕೊಳ್ಳುತ್ತಾರೆ. ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುವ ರೈತನಂತೆ. ಇನ್ನು ಕೆಲವರಿಗೆ ಅಲ್ಲಿ ಹುಟ್ಟುವ ಸುಖದ ಮೇಲೆಯೇ ಚಪಲ. ನಿನ್ನೆ ಬೆಳಕು ಕಂಡಿತ್ತು, ಇಂದು ಕಾಣಲಿಲ್ಲವೆಂದು ಕೊರಗುತ್ತಾರೆ. ಕಂಡವರೊಡನೆಲ್ಲ ಹೇಳಿಕೊಂಡು ನಾಲ್ಕು ಜನ ಶಿಷ್ಯರನ್ನೂ ಸಂಪಾದಿಸುತ್ತಾರೆ. ಇದೇ ರಸಾಸ್ವಾದ. ಸಿದ್ಧಿಗಳು ಸಮಾಧಿಗೆ ವಿಘ್ನಗಳೆಂದು ಪತಂಜಲಿಯೂ ಹೇಳಿದ್ದಾನೆ. ಇಂಥವನಿಗೆ ಬೇಕಾದದ್ದು ಆತುರವಲ್ಲ. ದರ್ಭೆಯ ತುದಿಯಿಂದ ಹನಿಹನಿಯಾಗಿ ಸಮುದ್ರವನ್ನು ಬತ್ತಿಸಹೊರಟವನ ಬೇಸರವಿಲ್ಲದ ಉತ್ಸಾಹವನ್ನು ಆಚಾರ್ಯರು ಉದಾಹರಿಸುತ್ತಾರೆ. ಎಂಟು ದಿನಗಳಲ್ಲಿ ಶಾಂತಿಯನ್ನು ಕೈಗೆ ಕೊಡುತ್ತೇವೆಂಬ ಫಲಕಗಳನ್ನು ಓದುವವರು ಈ ದರ್ಭೆಯನ್ನು ನೆನೆಯುವುದು ಒಳ್ಳೆಯದು.

ಭಯದ ವಿಷಯವೊಂದು ಉಳಿದಿದೆ. ಅಸ್ಪರ್ಶಯೋಗವು ಯೋಗಿಗಳಿಗೂ ಸುಲಭವಲ್ಲ, ಭಯವಿಲ್ಲದ ಎಡೆಯಲ್ಲಿ ಅವರು ಭಯವನ್ನು ಕಾಣುತ್ತಾರೆಂದು ಕಾರಿಕೆಯಲ್ಲಿದೆ. ‘ನಾನು’ ಎಂಬುದು ಕರಗುವಂತಾದಾಗ ಮೂಡುವ ಈ ಅಂಜಿಕೆ ಗುರುವಿನ ಮಾತಿನಿಂದ ನಿವಾರಣೆಯಾಗತಕ್ಕದ್ದು. ಆದರೆ ಧ್ಯಾನಿಗಳಿಗೆ ಬರುವ ಪ್ರತಿಯೊಂದು ಭಯವನ್ನೂ ಈ ಲೆಕ್ಕಕ್ಕೆ ಸೇರಿಸುವುದು ತಪ್ಪು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪಾಶ್ಚಾತ್ಯ ಬೌದ್ಧ ಧ್ಯಾನಿಗಳನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕಠಿಣ ಅನುಭವಗಳನ್ನು 59 ಬಗೆಗಳಾಗಿ ವಿಂಗಡಿಸಿದ್ದಾರೆ. ದಿಗಿಲು, ನಿದ್ರಾನಾಶ, ಇಲ್ಲದ್ದು ಕಾಣುವುದು ಅವುಗಳಲ್ಲಿ ಸೇರಿವೆ. ಕೆಲವರು ಆಸ್ಪತ್ರೆಯ ಚಿಕಿತ್ಸೆ ಪಡೆಯಬೇಕಾಗಿ ಬಂದದ್ದೂ ಉಂಟು. ಪತಂಜಲಿಯು ಎಣಿಸಿದ ಒಂಬತ್ತು ಅಂತರಾಯಗಳಲ್ಲಿ ಮೊದಲನೆಯದು ವ್ಯಾಧಿ ಎಂಬುದನ್ನು ಇಲ್ಲಿ ಮರೆಯಬಾರದು.

ಆದಕಾರಣ ಸಾಧಕನು ಕೆಲವು ರಾತ್ರಿ ನಿದ್ರೆಯಿಲ್ಲದೆ ಕಳೆದರೆ, ಅನ್ನ ಸೇರದಿದ್ದರೆ, ಯಾರೂ ಇಲ್ಲದೆಡೆ ಮಾತು ಕೇಳಿಸಿದರೆ, ಅದನ್ನು ದೇವಿಯ ಕೃಪೆಯೆಂದು ಮನೆಯವರು ಮುಚ್ಚಿಡತಕ್ಕದ್ದಲ್ಲ. ಧ್ಯಾನವನ್ನು ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಉಣಿಸಿ ಮಲಗಿಸಿ, ತಡಮಾಡದೆ ಮನೋರೋಗಗಳನ್ನು ಬಲ್ಲ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಸ್ವಸ್ಥನಾದ ಮೇಲೆ ಮತ್ತೆ ಕೂಡಬೇಕೇ, ಎಷ್ಟು ಹೊತ್ತು ಕೂಡಬೇಕೆಂಬುದನ್ನು ವೈದ್ಯರನ್ನೂ ಗುರುಗಳನ್ನೂ ಕೇಳಿ ನಿರ್ಧರಿಸಬಹುದು. ಅಲ್ಲಿಯವರೆಗೆ ದೇವಸ್ಥಾನದ ಅಂಗಳ ಗುಡಿಸುವ, ಹೂ ಕಟ್ಟುವ ಸೇವೆ ಅವನಿಗೆ ಸಾಕು.