ಬಾತಿನ ಪೀಪಿಗೆ ತಕ್ಕ ಸಾಮಗ್ರಿ



ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ತೆಂಗಿನ ಗರಿಯನ್ನು ಸುರುಳಿ ಸುತ್ತಿ, ಸಣ್ಣ ತುದಿಯನ್ನು ಬೆರಳಿನಿಂದ ಚಪ್ಪಟೆ ಮಾಡಿ ಊದುವ ಪೀಪಿಯನ್ನು ನಿಮ್ಮಲ್ಲಿ ಹಲವರು ಮಾಡಿರಬಹುದು. ಬೆಳಿಗ್ಗೆ ಗಟ್ಟಿಯಾಗಿ ಕೂಗುವ ಆ ಪೀಪಿ, ಗರಿ ಬಾಡಿದಂತೆಲ್ಲ ಮೂಕವಾಗುತ್ತದೆ. ಮಾಡಿದ ಕೈಯೂ ಅದೇ, ಊದುವ ಬಾಯಿಯೂ ಅದೇ, ಬದಲಾದುದು ಪದಾರ್ಥ. ಕೈಗೆಲಸದಲ್ಲಿ ಸಾಮಗ್ರಿಯ ಆಯ್ಕೆ ಎಷ್ಟು ಮುಖ್ಯವೆಂಬುದನ್ನು ಈ ಸಣ್ಣ ಆಟಿಕೆಯೇ ಹೇಳುತ್ತದೆ. ಇದೇ ತತ್ತ್ವದ ಮೇಲೆ ಅಮೆರಿಕ ದೇಶದಲ್ಲಿ ಬೆಳೆದು ಬಂದ ಒಂದು ಉಪಕರಣವನ್ನು ಇಲ್ಲಿ ಪಾಠವಾಗಿ ತೆಗೆದುಕೊಳ್ಳೋಣ. ಅದರ ಹೆಸರು ಡಕ್ ಕಾಲ್. ನಾವು ಅದನ್ನು ಬಾತಿನ ಪೀಪಿ ಎನ್ನೋಣ.

ಹುಟ್ಟು ಬೆಳವಣಿಗೆ

ಕಾಡುಬಾತುಗಳ ಕೂಗನ್ನು ಅನುಕರಿಸಿ ಅವುಗಳನ್ನು ನೀರಿನ ಬಳಿಗೆ ಕರೆಯುವುದು ಅಲ್ಲಿಯ ಬೇಟೆಗಾರರ ಪದ್ಧತಿ. ಡೆಟ್ರಾಯಿಟ್ ನಗರದ ಎಲಾಮ್ ಫಿಷರ್ ಎಂಬಾತನು 1870ರಲ್ಲಿ ಇಂಥ ಪೀಪಿಯೊಂದಕ್ಕೆ ಪೇಟೆಂಟು ಪಡೆದನು. ಟೆನೆಸಿ ಸಂಸ್ಥಾನದಲ್ಲಿ 1811-12ರ ಭೂಕಂಪಗಳಿಂದ ಉಂಟಾದ ರೀಲ್‌ಫುಟ್ ಸರೋವರದ ಸುತ್ತ ಲೋಹದ ನಾಲಗೆಯುಳ್ಳ ಮರದ ಪೀಪಿಗಳು ಪ್ರಸಿದ್ಧವಾದುವು. ಇಲಿನಾಯ್ ಸಂಸ್ಥಾನದ ಪೀಕಿನ್ ಊರಿನಲ್ಲಿ ಫಿಲಿಪ್ ಓಲ್ಟ್ ಎಂಬಾತನು 1904ರಲ್ಲಿ ಆರಂಭಿಸಿದ ಕಾರ್ಖಾನೆಯು ಗಟ್ಟಿ ರಬ್ಬರಿನ ಪೀಪಿಗಳಿಗೆ ಹೆಸರಾಯಿತು. ಜೀವಂತ ಬಾತುಗಳನ್ನೇ ಕಟ್ಟಿಹಾಕಿ ಕಾಡುಬಾತುಗಳನ್ನು ಸೆಳೆಯುವ ರೂಢಿಯನ್ನು ಅಲ್ಲಿಯ ಸರಕಾರವು 1935ರಲ್ಲಿ ನಿಷೇಧಿಸಿದ ಮೇಲೆ ಪೀಪಿಯ ಬೆಲೆ ಇನ್ನೂ ಹೆಚ್ಚಿತು. 1936ರಲ್ಲಿ ಆರ್ಕನ್ಸಾ ಸಂಸ್ಥಾನದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ಪೀಪಿ ಊದುವ ಸ್ಪರ್ಧೆಯೇ ಆರಂಭವಾಯಿತು.

ಈ ಪೀಪಿ ಸಾಮಾನ್ಯವಾಗಿ ಅನುಕರಿಸುವುದು ಮಲ್ಲಾರ್ಡ್ ಎಂಬ ಜಾತಿಯ ಹೆಣ್ಣುಬಾತಿನ ದನಿಯನ್ನು. ಆ ಜಾತಿಯಲ್ಲಿ ‘ಕ್ವಾಕ್’ ಎಂದು ಗಟ್ಟಿಯಾಗಿ ಕೂಗುವುದು ಹೆಣ್ಣೇ. ಗಂಡಿನ ದನಿ ಮೆಲುವಾದುದು.

ಪೀಪಿಯ ಅಂಗಗಳು

ಬಾತಿನ ಪೀಪಿಗೆ ಐದು ಅಂಗಗಳುಂಟು. ಬಾಯಿಗೆ ತಾಗುವ ಹೊರಗೊಳವೆ. ಅದರೊಳಕ್ಕೆ ಬಿಗಿಯಾಗಿ ಸೇರುವ ಒಳತುಂಡು. ಒಳತುಂಡಿನ ಮೇಲೆ ಕೊಂಚ ಬಾಗಿನಿಂದ ಕೊರೆದ ನಾದದ ಹಲಗೆ. ಆ ಹಲಗೆಯ ಮೇಲೆ ಮಲಗುವ ತೆಳುವಾದ ನಾಲಗೆ. ನಾಲಗೆಯ ಬುಡವನ್ನು ಒತ್ತಿ ಹಿಡಿಯುವ ಬೆಣೆ. ಊದಿದ ಗಾಳಿಯು ನಾಲಗೆಗೂ ಹಲಗೆಗೂ ನಡುವೆ ನುಗ್ಗುವಾಗ ನಾಲಗೆಯು ವೇಗವಾಗಿ ಏಳುತ್ತ ಬೀಳುತ್ತ ಗಾಳಿಯನ್ನು ತಡೆದು ಬಿಡುತ್ತದೆ. ಈ ಕಂಪನವೇ ಸ್ವರ. ಹಾರ್ಮೋನಿಯಮ್ಮಿನ ಹಿತ್ತಾಳೆಯ ನಾಲಗೆಯೂ ಗಾಳಿಯಿಂದ ಕಂಪಿಸಿಯೇ ನುಡಿಯುತ್ತದೆ.

ಹೊಸಬನು ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಸ್ವರವನ್ನು ಮುಖ್ಯವಾಗಿ ನಿರ್ಣಯಿಸುವುದು ನಾದದ ಹಲಗೆಯ ಬಾಗು ಮತ್ತು ನಾಲಗೆ. ಹೊರಗೊಳವೆಗೆ ಎಷ್ಟು ಬೆಲೆಬಾಳುವ ಮರವನ್ನು ತಂದರೂ ಹಲಗೆ ಕೆಟ್ಟರೆ ಪೀಪಿ ನುಡಿಯದು. ಆದುದರಿಂದ ಹಣವನ್ನು ಹೊರಗಿನ ಅಂದಕ್ಕೆ ಸುರಿಯುವುದಕ್ಕಿಂತ, ಅಗ್ಗದ ತುಂಡುಗಳಲ್ಲಿ ಹತ್ತಾರು ಹಲಗೆಗಳನ್ನು ಕೊರೆದು ಕಲಿಯುವುದು ಲೇಸು. ಸಿದ್ಧವಾದ ಒಳತುಂಡನ್ನು ಕೊಂಡು, ಹೊರಗೊಳವೆಯನ್ನು ಮಾತ್ರ ತಾವೇ ಕಡೆದು ಅಭ್ಯಾಸವನ್ನು ಆರಂಭಿಸುವವರೂ ಆ ದೇಶದಲ್ಲಿ ಅನೇಕರಿದ್ದಾರೆ.

ಮರದ ಆಯ್ಕೆ

ಊದುವವನ ಉಸಿರಿನಲ್ಲಿ ತೇವವಿರುತ್ತದೆ. ಮೆದುವಾದ, ಸಡಿಲ ಎಳೆಯ ಮರವು ಆ ತೇವವನ್ನು ಹೀರಿ ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಉಬ್ಬಿದರೆ ಒಳತುಂಡು ಸಿಕ್ಕಿಕೊಳ್ಳುವುದು, ಕುಗ್ಗಿದರೆ ಕಳಚಿ ಬೀಳುವುದು. ಆದುದರಿಂದ ಮರವು ಗಟ್ಟಿಯಾಗಿ, ಒತ್ತಾದ ಎಳೆಯುಳ್ಳದ್ದಾಗಿ, ಗಂಟು ಸೀಳುಗಳಿಲ್ಲದೆ, ಚೆನ್ನಾಗಿ ಒಣಗಿರಬೇಕು. ಒಣಗಿದೆಯೇ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುತ್ತಿರುವವರೆಗೂ ಒಳಗೆ ನೀರು ಉಳಿದಿದೆಯೆಂದೇ ಅರ್ಥ. ತೂಕವು ಸ್ಥಿರವಾಗಿ ನಿಂತ ಮೇಲೆ ಉಳಿ ಹಿಡಿಯಬೇಕು.

ಅಮೆರಿಕದಲ್ಲಿ ಹೊಸಬರಿಗೆ ವಾಲ್‌ನಟ್, ಚೆರ್ರಿ, ಮೇಪಲ್ ಮರಗಳು ಸುಲಭವಾಗಿ ದೊರೆಯುತ್ತವೆ. ಸುಮಾರು 38 ಮಿಲಿಮೀಟರ್ ಚೌಕದ ತುಂಡಿನಲ್ಲಿ 16 ಮಿಲಿಮೀಟರಿನಷ್ಟು ರಂಧ್ರವನ್ನು ಕೊರೆದು, ಲೇತು ಯಂತ್ರದ ಮೇಲೆ ಕಡೆಯುವುದು ಸಾಮಾನ್ಯ ಕ್ರಮ. ಅನುಭವಿಗಳು ಮೆಚ್ಚುವ ಇನ್ನೊಂದು ಮರ ಓಸೇಜ್ ಆರೆಂಜ್. ಹೆಸರಿನಲ್ಲಿ ಕಿತ್ತಳೆಯಿದ್ದರೂ ಅದು ನಮ್ಮ ಹಲಸು ಮತ್ತು ಹಿಪ್ಪುನೇರಳೆಗಳ ಕುಟುಂಬಕ್ಕೆ ಸೇರಿದ್ದು; ಹಲಸಿನಂತೆಯೇ ಹಳದಿ ಬಣ್ಣದ ಮರ. ನಮ್ಮವರು ವೀಣೆಗೂ ಮೃದಂಗಕ್ಕೂ ಹಲಸನ್ನೇ ಆರಿಸಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು. ಚನ್ನಪಟ್ಟಣದ ಆಟಿಕೆಯವರು ಹಾಲೆಮರವನ್ನು ಆರಿಸುವುದೂ ಅದರ ಎಳೆ ನಯವಾಗಿದ್ದು ಕಡೆಯಲು ಒದಗುವುದರಿಂದ. ಕೆಲಸಕ್ಕೆ ತಕ್ಕ ಮರವನ್ನು ಗುರುತಿಸುವ ಕಣ್ಣು ಎಲ್ಲ ದೇಶದ ಬಡಗಿಗೂ ಬೇಕು.

ಕೊಕೊಬೊಲೊ, ಆಫ್ರಿಕದ ಕರಿಮರ ಇವು ನಮ್ಮ ಬೀಟೆಯ ಕುಲದವು. ಬಹು ಸುಂದರ, ಬಹು ಗಟ್ಟಿ. ಆದರೆ ಹೊಸಬನು ಇವುಗಳಿಂದ ದೂರವಿರುವುದೇ ಕ್ಷೇಮ. ಬೆಲೆ ಹೆಚ್ಚು, ಕೊರೆಯುವುದು ಕಷ್ಟ. ಮೇಲಾಗಿ ಅತಿಯಾಗಿ ಕಡಿದುದರಿಂದ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ನಿಯಂತ್ರಣಕ್ಕೆ ಒಳಪಟ್ಟಿದೆ.

ರಬ್ಬರು ಮತ್ತು ಅಕ್ರಿಲಿಕ್

ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರಿಗೆ ಎಬೊನೈಟು ಎಂದು ಹೆಸರು. ಹಳೆಯ ಫೌಂಟನ್ ಪೆನ್ನುಗಳ ಮೈ ಇದರಿಂದಲೇ ಆದುದು. ಇದು ತೇವಕ್ಕೆ ಉಬ್ಬದು. ಅಕ್ರಿಲಿಕ್ ಪ್ಲಾಸ್ಟಿಕ್ಕೂ ಹಾಗೆಯೇ; ಅದರ ದನಿ ಚುರುಕು, ದೂರಕ್ಕೆ ಕೇಳುವಂಥದು ಎಂದು ಊದುವವರ ಅಭಿಪ್ರಾಯ. ಮರದ ದನಿ ಮೃದುವೆಂದು ಅವರು ಹೇಳುತ್ತಾರೆ. ಆದರೆ ಅಕ್ರಿಲಿಕ್ಕನ್ನು ಅವಸರದಿಂದ ಕೊರೆದರೆ ಬಿಸಿಗೆ ಮೆತ್ತಗಾಗಿ ಅಂಟುತ್ತದೆ, ಅಂಚು ಚಕ್ಕೆಯೇಳುತ್ತದೆ. ಕೈ ಪಳಗುವವರೆಗೆ ಮರವೇ ಒಳ್ಳೆಯ ಗುರು.

ನಾಲಗೆ ಮತ್ತು ಬೆಣೆ

ಹಿಂದೆ ಲೋಹದ ಹಾಗೂ ಗಟ್ಟಿ ರಬ್ಬರಿನ ನಾಲಗೆಗಳಿದ್ದುವು. ಈಗ ಹೆಚ್ಚಾಗಿ ಬಳಸುವುದು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ. ಅದು ನೀರು ಹೀರದು, ಬಾಗಿದರೂ ಮತ್ತೆ ನೆಟ್ಟಗಾಗುವುದು, ಕತ್ತರಿಯಿಂದ ಕತ್ತರಿಸಲು ಬರುವುದು. ಇಂಚಿನ ಸಾವಿರದಲ್ಲಿ 10 ಭಾಗ ಮತ್ತು 14 ಭಾಗ ದಪ್ಪದ ಹಾಳೆಗಳು, ಎಂದರೆ ಸುಮಾರು 0.25 ಮತ್ತು 0.36 ಮಿಲಿಮೀಟರಿನವು, ವಾಡಿಕೆಯಲ್ಲಿವೆ. ದಪ್ಪ ನಾಲಗೆಯನ್ನು ಅಲುಗಿಸಲು ಹೆಚ್ಚು ಉಸಿರು ಬೇಕು. ನಾಲಗೆಯ ತುದಿಯನ್ನು ಕತ್ತರಿಸಿದಷ್ಟೂ ಸ್ವರವು ಏರುತ್ತದೆ. ಕತ್ತರಿಸಿದುದನ್ನು ಮರಳಿ ಅಂಟಿಸಲಾಗದು. ಆದುದರಿಂದ ಕೂದಲೆಳೆಯಷ್ಟು ಕತ್ತರಿಸಿ, ಊದಿ ನೋಡಿ, ಮತ್ತೆ ಕತ್ತರಿಸಬೇಕು.

ಬೆಣೆಗೆ ಬಿರಡೆ ಉತ್ತಮ. ಇದು ಪೋರ್ಚುಗಲ್, ಸ್ಪೇನ್ ದೇಶಗಳಲ್ಲಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಒತ್ತಿದರೆ ಕುಗ್ಗಿ, ಬಿಟ್ಟರೆ ಹಿಗ್ಗುವ ಗುಣವಿರುವುದರಿಂದ ನಾಲಗೆಯನ್ನು ಅಲುಗದಂತೆ ಹಿಡಿಯುತ್ತದೆ.

ಎಚ್ಚರಿಕೆಗಳು

ಮೊದಲನೆಯದು ಧೂಳು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ವರ್ಗೀಕರಿಸಿತು. ಕೊಕೊಬೊಲೊದಂಥ ಮರಗಳ ಧೂಳಿನಿಂದ ಚರ್ಮದಲ್ಲಿ ತುರಿ, ಉಸಿರಾಟಕ್ಕೆ ತೊಂದರೆಗಳೂ ಉಂಟಾಗುತ್ತವೆ. ಮೂಗಿಗೆ ಧೂಳುತಡೆ ಮುಸುಕು, ಕಣ್ಣಿಗೆ ಕನ್ನಡಕ, ಯಂತ್ರದ ಬಳಿ ಹಿರಿಯರು, ಈ ಮೂರೂ ಇಲ್ಲದೆ ಲೇತನ್ನು ಮುಟ್ಟಬಾರದು.

ಎರಡನೆಯದು ಬಾಯಿಗೆ ತಾಗುವ ವಸ್ತು. ಅಗಸೆ ಎಣ್ಣೆಯಂಥ ಲೇಪವನ್ನು ಬಳಿದರೆ ಅದು ಪೂರ್ತಿ ಒಣಗುವವರೆಗೆ ಊದಬಾರದು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಬೇಕು. ಗಿಡದ ಕಡ್ಡಿಯಿಂದ ಪೀಪಿ ಮಾಡುವ ಕಿರಿಯರಿಗೆ ಇನ್ನೊಂದು ಮಾತು: ಕಣಗಿಲೆಯ ಎಲೆ, ಕಡ್ಡಿ, ಹೂವು ಎಲ್ಲವೂ ವಿಷ. ನಗರದ ಉದ್ಯಾನಗಳಲ್ಲಿ, ಹೆದ್ದಾರಿಗಳ ನಡುವೆ ಅದನ್ನು ಧಾರಾಳವಾಗಿ ನೆಟ್ಟಿರುತ್ತಾರೆ. ಅದನ್ನು ಎಂದಿಗೂ ಬಾಯಿಗೆ ಇಡಬೇಡಿರಿ. ಕಳ್ಳಿಯ ಹಾಲೂ ಬಾಯಿ ಕಣ್ಣುಗಳನ್ನು ಸುಡುತ್ತದೆ.

ಮೂರನೆಯದು ಹಕ್ಕಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕಾಡುಬಾತುಗಳ ಬೇಟೆ ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅಷ್ಟು ದೂರದಿಂದ ಬಂದ ಅತಿಥಿಗಳನ್ನು ಸುಳ್ಳು ಕೂಗಿನಿಂದ ಕಂಗೆಡಿಸುವುದು ಸಲ್ಲದು. ಪೀಪಿಯ ವಿದ್ಯೆ ನಮಗೆ ಕಿವಿಗೂ ಕೈಗೂ ಪಾಠವಾದರೆ ಸಾಕು.

ಮಾಡಿ ನೋಡಿರಿ

ಲೇತಿಲ್ಲದೆ ಮಾಡಬಹುದಾದ ಪ್ರಯೋಗವೊಂದಿದೆ. ಪಾನೀಯ ಹೀರುವ ಕಾಗದದ ಕೊಳವೆಯೊಂದನ್ನು ತೆಗೆದುಕೊಂಡು, ಒಂದು ತುದಿಯನ್ನು ಎರಡು ಸೆಂಟಿಮೀಟರಿನಷ್ಟು ಚಪ್ಪಟೆ ಮಾಡಿ, ಎರಡೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿರಿ. ಆ ತುದಿಯನ್ನು ತುಟಿಗಳ ನಡುವೆ ಮೆಲ್ಲನೆ ಒತ್ತಿ ಊದಿದರೆ ಎರಡು ನಾಲಗೆಗಳು ಕಂಪಿಸಿ ಕೂಗುತ್ತವೆ. ಇನ್ನೊಂದು ತುದಿಯನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಬಂದರೆ ಒಳಗಿನ ಗಾಳಿಯ ಕಂಬ ಗಿಡ್ಡವಾಗಿ ಸ್ವರ ಏರುವುದನ್ನು ಕೇಳುವಿರಿ. ಕೆಲವು ನಿಮಿಷಗಳಲ್ಲಿ ಕಾಗದವು ಎಂಜಲಿನಿಂದ ಮೆತ್ತಗಾಗಿ ಸದ್ದು ನಿಲ್ಲುತ್ತದೆ. ನಾಲಗೆಗೆ ನೀರು ಹೀರದ ಪದಾರ್ಥವೇ ಏಕೆ ಬೇಕೆಂಬುದನ್ನು ಆಗ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಅಭ್ಯಾಸ

1. ಮರದ ತುಂಡು ಒಣಗಿದೆಯೆಂದು ತಕ್ಕಡಿಯಿಂದ ಹೇಗೆ ತಿಳಿಯಬಹುದು?
2. ಬೀಟೆಯ ಕುಲದ ಮರಗಳು ಹೊಸಬನಿಗೆ ಏಕೆ ತಕ್ಕುವಲ್ಲ? ಮೂರು ಕಾರಣಗಳನ್ನು ಕೊಡಿರಿ.
3. ನಿಮ್ಮ ಮನೆಯಲ್ಲಿರುವ ಐದು ಉಪಕರಣಗಳನ್ನು ನೋಡಿ, ಒಂದೊಂದಕ್ಕೂ ಆಯಾ ಪದಾರ್ಥವನ್ನೇ ಏಕೆ ಆರಿಸಿದ್ದಾರೆಂದು ವಿಚಾರಿಸಿ ಬರೆಯಿರಿ.