ಕ್ರಿಕೆಟ್ ಅಭ್ಯಾಸದ ಬಲೆ ಕಟ್ಟುವ ಕ್ರಮ



1999ನೆಯ ಇಸವಿ ಫೆಬ್ರವರಿ 7ರಂದು ಬೆಂಗಳೂರಿನ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಒಂದೇ ಇನಿಂಗ್ಸಿನಲ್ಲಿ, 74 ರನ್ನು ಕೊಟ್ಟು ಕಿತ್ತ ಕೋಟ್ಲಾ ಮೈದಾನವು ನಮ್ಮ ಲಕ್ಷ್ಮೀ ನಗರದಿಂದ ಯಮುನೆ ದಾಟಿದರೆ ಸಿಗುತ್ತದೆ. ನಮ್ಮ ಹುಡುಗರಿಗೂ ಆಡುವ ಆಸೆ ಉಂಟು. ಇಲ್ಲದಿರುವುದು ಬಯಲು. ಕಿರಿದಾದ ಜಾಗದಲ್ಲಿ, ಭಾನುವಾರದ ಎರಡು ಗಂಟೆಯಲ್ಲಿ, ಚೆಂಡು ಹುಡುಕುತ್ತ ಓಡದೆ ಅಭ್ಯಾಸ ಮಾಡುವ ಉಪಾಯವೇ ಬಲೆ.

ಹಿಂದೊಮ್ಮೆ ನಾವು ಅಳತೆ ಮಾಡದೆ, ಅಗ್ಗವೆಂದು ಆರಡಿ ಎತ್ತರದ ಬಲೆ ಕೊಂಡೆವು. ಎರಡನೆಯ ವಾರವೇ ಚೆಂಡು ಮೇಲಿನಿಂದ ಹಾರಿ, ಹಾಲು ತರುತ್ತಿದ್ದ ತಾಯಿಯೊಬ್ಬರ ಭುಜಕ್ಕೆ ಬಡಿಯಿತು. ಆಟ ನಿಂತಿತು, ಚಂದಾ ಹಣವೂ ಹೋಯಿತು. ಬಲೆಯು ಆಡುವವನಿಗಿಂತ ಮೊದಲು ದಾರಿಹೋಕರಿಗಾಗಿ ಇರುವುದೆಂದು ಆಗ ಕಲಿತೆವು.

1. ಜಾಗ: ಉದ್ಯಾನವು ಪಾಲಿಕೆಯದೋ, ಡಿ.ಡಿ.ಎ.ಯದೋ ವಿಚಾರಿಸಿ, ಬರಹದಲ್ಲಿ ಅನುಮತಿ ಪಡೆಯತಕ್ಕದ್ದು. ನದಿಯ ಪಾತ್ರದ ಬಯಲಿಗೆ ಆಸೆಪಡಬೇಡಿ. ಅಲ್ಲಿ ಕಟ್ಟಡ ಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದೆ. 2023ರ ಜುಲೈನಲ್ಲಿ ಯಮುನೆ 208 ಮೀಟರ್ ಮೀರಿ ಏರಿದ್ದನ್ನೂ ಕಂಡಿದ್ದೇವೆ. ಪಿಚ್ಚು ಉತ್ತರ-ದಕ್ಷಿಣವಾಗಿರಲಿ; ಆಗ ಬೆಳಗಿನ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯದು.

2. ಅಳತೆ: ವಿಕೆಟ್ಟಿನಿಂದ ವಿಕೆಟ್ಟಿಗೆ 22 ಗಜ, ಎಂದರೆ 66 ಅಡಿ. ಬ್ಯಾಟುದಾರನ ವಿಕೆಟ್ಟಿನ ಹಿಂದೆ 6 ಅಡಿ ಬಿಡಿ. ಬೌಲರನ ಓಟಕ್ಕೆ ಬೇರೆ ಜಾಗ ಬೇಕು. ಅದು ಸಾಲದಿದ್ದರೆ ಸ್ಪಿನ್ ಬೌಲಿಂಗ್ ಮಾತ್ರ ಇಟ್ಟುಕೊಳ್ಳಿ. ಅಗಲ 12 ಅಡಿ, ಎತ್ತರ 12 ಅಡಿ.

3. ಬಲೆಯ ಲೆಕ್ಕ: ಪಕ್ಕದ ಬಲೆ ತಲಾ 36 ಅಡಿ ಉದ್ದ ಎಂದಿಟ್ಟುಕೊಳ್ಳೋಣ. ಹಿಂಭಾಗ 144 ಚದರಡಿ, ಎರಡು ಪಕ್ಕ ಸೇರಿ 864, ಮೇಲ್ಭಾಗ 432, ಒಟ್ಟು 1440. ಇದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ 1584 ಚದರಡಿ ಕೊಳ್ಳಿರಿ. ಏಕೆಂದರೆ ಬಲೆಯನ್ನು ಬಿಗಿದು ಕಟ್ಟಿದರೆ ಚೆಂಡು ಪುಟಿದು ತಿರುಗಿ ಬರುತ್ತದೆ. ಸಡಿಲವಿದ್ದರೆ ಅದರ ವೇಗವನ್ನು ನುಂಗುತ್ತದೆ. ಚೆಂಡಿನ ಅಡ್ಡಳತೆ ಸುಮಾರು 7 ಸೆಂಟಿಮೀಟರ್. ಬಲೆಯ ಕಣ್ಣು 5 ಸೆಂಟಿಮೀಟರ್ ಮೀರಕೂಡದು. ಕೆಳಗಿನ ಅಂಚು ನೆಲದ ಮೇಲೆ ಒಂದಿಷ್ಟು ಮಲಗಿರಲಿ.

4. ಕಂಬ: 12 ಅಡಿಗೊಂದರಂತೆ ಪಕ್ಕಕ್ಕೆ ನಾಲ್ಕು, ಒಟ್ಟು ಎಂಟು. ಎರಡಡಿ ಹೂಳಬೇಕಾದುದರಿಂದ 14 ಅಡಿಯ ಕೊಳವೆ ತನ್ನಿ. ಬಲೆಯು ಕಂಬದ ಒಳಬದಿಗೆ, ಕಂಬಕ್ಕೆ ತಾಗದಂತೆ ತೂಗಲಿ. ಇಲ್ಲವಾದರೆ ಚೆಂಡು ಕಬ್ಬಿಣಕ್ಕೆ ಬಡಿದು ಬ್ಯಾಟುದಾರನ ಮುಖಕ್ಕೇ ಬಂದೀತು.

5. ನೆಲ: ಮಣ್ಣನ್ನು ಸಮಮಾಡಿ, ನೀರು ಚಿಮುಕಿಸಿ, ಉರುಳೆ ಎಳೆದು, ತೆಂಗಿನ ನಾರಿನ ಮ್ಯಾಟನ್ನು ಎಳೆದು ಮೊಳೆ ಹೊಡೆಯಿರಿ. ಸುಕ್ಕು ಉಳಿದರೆ ಚೆಂಡು ಎತ್ತೆತ್ತಲೋ ಹಾರುತ್ತದೆ.

6. ನಿಯಮ: ಮುಂಭಾಗ ತೆರೆದಿರುವುದರಿಂದ ಬ್ಯಾಟುದಾರ ಸಿದ್ಧನಾಗುವವರೆಗೆ ಯಾರೂ ಚೆಂಡೆಸೆಯಕೂಡದು, ಒಬ್ಬನ ಚೆಂಡು ಮುಗಿಯುವ ತನಕ ಇನ್ನೊಬ್ಬ ಬೆನ್ನು ತಿರುಗಿಸಕೂಡದು. ಬಲೆಯನ್ನು ವಾರಕ್ಕೊಮ್ಮೆ ನೋಡಿ, ಹರಿದ ಕಣ್ಣನ್ನು ಅಂದೇ ಹೊಲಿಯಿರಿ. ನೈಲಾನ್ ಬಿಸಿಲಿಗೆ ಸವೆಯುವುದರಿಂದ ಆಟವಿಲ್ಲದ ತಿಂಗಳಲ್ಲಿ ಬಿಚ್ಚಿಡಿ.

ಅಳತೆ ಮೊದಲು, ಅನುಮತಿ ಎರಡನೆಯದು, ಖರೀದಿ ಕಡೆಗೆ. ಈ ಕ್ರಮ ತಪ್ಪದಿದ್ದರೆ ನಮ್ಮ ಸಣ್ಣ ಸಂಬಳದ ಚಂದಾ ಹಣವೂ ಉಳಿದೀತು, ನೆರೆಯವರ ಸ್ನೇಹವೂ ಉಳಿದೀತು.